ಅಲ್ಲಾಡಬೇಡಿ

ಮೊದಲು ಸತ್ತದ್ದು ಬ್ಯಾಟರಿ.
ಆಮೇಲೆ ಬೆರಳು, ಅದೂ ಬಲಗೈ ತೋರುಬೆರಳು,
ಗುಂಡಿ ಒತ್ತುವ ಬೆರಳು.
ಮೈನಸ್ ಇಪ್ಪತ್ತೆಂಟು ಎಂದ ಚೋಯ್ನೊಮ್,
ಇವತ್ತು ಪರವಾಗಿಲ್ಲ ಎಂಬ ದನಿಯಲ್ಲಿ.

ಸುಖ್‌ಬಾತರ್ ಸೀಮೆಯ ಬಯಲಲ್ಲಿ ಆರನೆಯ ದಿನ.
ಹೊತ್ತು ಹುಟ್ಟಿದಾಗಿನಿಂದ ಮುಳುಗುವ ತನಕ
ಒಂದೇ ಕಲ್ಲುಗುಡ್ಡೆಯ ಎದುರು ಮಕಾಡೆ ಮಲಗಿದ್ದೇನೆ
ಮನೂಲ್ ಎಂಬ ಕಾಡುಬೆಕ್ಕಿಗೆ ಕಾದು.
ಈವರೆಗೆ ಕಾರ್ಡಿನಲ್ಲಿ ಇರುವುದು
ನರಿಯ ಬೆನ್ನು. ಗಿಡುಗನ ಬೆನ್ನು.
ಓಡುವ ಜಿಂಕೆಗಳ ಇನ್ನೂರು ಬಿಳಿ ಅಂಡು.
ನನ್ನ ಕಂಡರೆ ಎದ್ದು ನಡೆಯುವುದು ಈ ಬಯಲಿಗೆ ಚಟ.

ಯಂಜ್ಮಾ (ಅವಳ ಗೆರ್ ಗುಡಾರದಲ್ಲೇ ನಮ್ಮ ಬಿಡಾರ)
ಬ್ಯಾಟರಿ ಸತ್ತದ್ದು ಕೇಳಿ ನಗಲಿಲ್ಲ. ಕೈ ಚಾಚಿದಳು.
ನಾಲ್ಕನ್ನೂ ನಿಲುವಂಗಿಯ ಎದೆಯೊಳಕ್ಕೆ ಇಳಿಬಿಟ್ಟಳು.
ಅಲ್ಲಿ ಮೊದಲೇ ಒಂದು ಜೀವ ಇತ್ತು,
ದಿನ ತುಂಬುವ ಮೊದಲೇ ನಿನ್ನೆ ರಾತ್ರಿ ಬಿದ್ದ ಮೇಕೆಮರಿ.
ಕೊರಳಪಟ್ಟಿಯಿಂದ ಮೂತಿ ಹೊರಗಿಟ್ಟು
ಹಳೇ ಬಾಡಿಗೆಯವನು ಹೊಸಬರ ಸಾಮಾನು ನೋಡುವಂತೆ
ನೋಡಿತು.

ಮಧ್ಯಾಹ್ನ ವಾಪಸ್ಸು ಬಂದವು, ಬೆಚ್ಚಗೆ.
ಅರವತ್ತೆರಡು ಶೇಕಡ. ಸ್ವಲ್ಪ ಆಡಿನ ವಾಸನೆ,
ಸ್ವಲ್ಪ ಉಪ್ಪು ಚಹಾದ್ದು.

ಮೂವತ್ತೊಂದು ವರ್ಷ ಸರ್ಕಾರಿ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ
ಒಂದೇ ಮಾತು ಹೇಳಿದವಳು ನಾನು.
ಉಸಿರು ಹಿಡಿಯಿರಿ, ಅಲ್ಲಾಡಬೇಡಿ.
ಸೀಸದ ಗೋಡೆಯ ಹಿಂದೆ ನಿಂತು ಹೇಳುತ್ತಿದ್ದೆ,
ನನಗೇನೂ ತಾಕದಂತೆ.
ಮುರಿದ ಪಕ್ಕೆಲುಬು, ನುಂಗಿದ ನಾಲ್ಕಾಣೆ,
ಶ್ವಾಸಕೋಶದ ಮೇಲೊಂದು ಮೋಡ,
ಎಲ್ಲರೂ ಹೇಳಿದ್ದು ಕೇಳಿದರು.
ಮೂಳೆ ನೆನಪಿದೆ. ಮುಖ ಒಂದೂ ಇಲ್ಲ.
ನಿವೃತ್ತಿಯ ದುಡ್ಡು ಬಂದಾಗ ಈ ಲೆನ್ಸು ಕೊಂಡೆ,
ಮೊಳಕ್ಕಿಂತ ಗೇಣು ಉದ್ದ.

ನಾಲ್ಕು ಗಂಟೆಗೆ ಯಂಜ್ಮಾ ಕುದುರೆ ಮೇಲೆ ಬಂದು
ಏನೋ ಕೇಳಿದಳು. ಚೋಯ್ನೊಮ್ ತಿಳಿಸಿದ:
ಏಳು ಹೆಣ್ಣುಕುದುರೆ ಬೆಳಿಗ್ಗೆಯಿಂದ ಕಾಣುತ್ತಿಲ್ಲ,
ನಿಮ್ಮ ಉದ್ದ ಕಣ್ಣು ಎಷ್ಟು ದೂರ ನೋಡುತ್ತೆ?
ಬೇಡ ಅನ್ನಬೇಕಾದ ಬಾಯಿ ಹೆಪ್ಪುಗಟ್ಟಿತ್ತು.
ಕೊಟ್ಟೆ.
ಕೂಸನ್ನು ಕಂಕುಳಿಗೆ ಏರಿಸಿದವಳಂತೆ ದಿನ್ನೆ ಹತ್ತಿದಳು,
ಹಿಂದೆಯೇ ಚೋಯ್ನೊಮ್, ಬೀಳಿಸೀಯೆ ಅನ್ನುತ್ತ ಇರಬೇಕು.

ಆಗ ಬಂತು.

ಬಂತು ಅನ್ನುವುದೂ ತಪ್ಪು. ಇದ್ದ ಕಲ್ಲಿಗೇ ಕಣ್ಣು ಮೂಡಿದವು.
ಹತ್ತು ಮಾರು. ಹತ್ತೂ ಇಲ್ಲ, ಎಂಟು.
ಅಗಲ ತಲೆ, ಕಿವಿ ಎಲ್ಲೋ ಕೆನ್ನೆಯ ಹತ್ತಿರ,
ಮನೆಬೆಕ್ಕಿನ ಸೀಳು ಪಾಪೆಯಲ್ಲ, ನಮ್ಮದರಂಥದೇ ದುಂಡು.
ಮೀಸೆಯ ಒಂದೊಂದು ಕೂದಲಿಗೂ ಮಂಜು ಹರಳಾಗಿ ಕೂತಿತ್ತು.
ನನ್ನ ತೋರುಬೆರಳು ಗಾಳಿಯನ್ನು ಒತ್ತಿತು.
ಮತ್ತೊಮ್ಮೆ ಒತ್ತಿತು.
ಅದು ನೋಡಿತು,
ಕೋಟು ದಾಟಿ, ಎರಡು ಸ್ವೆಟರು ದಾಟಿ,
ಪಕ್ಕೆಲುಬುಗಳ ಸಂದಿಗೆ:
ಉಸಿರು ಹಿಡಿ,
ಅಲ್ಲಾಡಬೇಡ.

ಗೋಡೆ ಇರಲಿಲ್ಲ.
ಹಿಡಿದೆ.

ಎಷ್ಟು ಹೊತ್ತೋ. ಅದಕ್ಕೇ ಸಾಕೆನಿಸಿರಬೇಕು,
ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಕಲ್ಲಿನೊಳಕ್ಕೆ ತಿರುಗಿ ಹೋಯಿತು.
ಇನ್ನು ಉಸಿರು ಬಿಡಿ ಎಂದು ಯಾರೂ ಹೇಳಲಿಲ್ಲ.
ತಾನೇ ಬಿಟ್ಟುಹೋದದ್ದು
ಮುಖದ ಮುಂದೆ ಬೆಳ್ಳಗೆ ನಿಂತುಕೊಂಡಿತು.

ದಿನ್ನೆಯಿಂದ ಕೂಗು. ಸಿಕ್ಕವಂತೆ,
ಆರು.

ರಾತ್ರಿ ಬೆರಣಿ ಒಲೆಯ ಪಕ್ಕ ಕೂತು ಕಾರ್ಡು ತಿರುವಿದೆವು.
ಬೆನ್ನು. ಬೆನ್ನು. ಅಂಡು.
ಕೊನೆಯಲ್ಲಿ ಯಂಜ್ಮಾಳ ಬೆರಳು ಗೊತ್ತಿಲ್ಲದೆ ಒತ್ತಿದ್ದು ಒಂದು:
ವಾಲಿದ ದಿಗಂತ, ಮಸುಕು ಹಿಮ, ಆರು ಕಂದು ಚುಕ್ಕೆ.
ಇಲ್ಲಿ ಕುದುರೆಗೆ ಬಣ್ಣವೇ ಹೆಸರು.
ನನಗೆ ಆರೂ ಕಂದು, ಅವಳು
ಒಂದೊಂದರ ಮೇಲೆ ಉಗುರಿಟ್ಟು ಆರು ಬಣ್ಣ ಕರೆದಳು.
ಆಮೇಲೆ ಖಾಲಿ ಹಿಮದ ಮೇಲೆ ಉಗುರಿಟ್ಟು
ಏಳನೆಯದನ್ನೂ ಕರೆದಳು.

ದೊಡ್ಡದು ಮಾಡಿದೆ. ಇನ್ನೂ ದೊಡ್ಡದು,
ಹಿಮ ಒಡೆದು ಚೌಕ ಚೌಕವಾಗುವ ತನಕ.
ಬೆಕ್ಕಿನ ವಿಷಯ ಇವರಿಗಿನ್ನೂ ಹೇಳಿಲ್ಲ.
ಬ್ಯಾಟರಿ ಬಿಚ್ಚಿ ಅವಳ ಕೈಗಿಟ್ಟೆ, ಮರಿಯ ಪಕ್ಕಕ್ಕೆ.
ನಾಳೆ ಆ ಗುಡ್ಡೆ ಬೇಡ, ಎಂದೆ ಚೋಯ್ನೊಮ್‌ಗೆ,
ದಿನ್ನೆಯ ಆಚೆ ಏನಿದೆ
ಕೇಳು.